ಸತ್ತವರ ಗುಡ್ಡಕ್ಕೆ ಕಾವಲಿದೆ, ಬದುಕಿರುವ ಮಾತಿಗೆ?

ಈಜಿಪ್ಟ್ ಎಂದ ಕೂಡಲೇ ನಮ್ಮ ಮಕ್ಕಳು "ಪಿರಮಿಡ್, ಮಮ್ಮಿ, ನೈಲ್ ನದಿ" ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಆದರೆ ನೈಲ್ ನದಿಯಿಂದ ನೂರಾರು ಕಿಲೋಮೀಟರ್ ಪಶ್ಚಿಮಕ್ಕೆ, ಲಿಬಿಯಾ ಗಡಿಯಿಂದ ಸುಮಾರು 50 ಕಿ.ಮೀ. ಈಚೆಗೆ, ಮರಳುಗಾಡಿನ ನಡುವೆ ಸೀವಾ ಎಂಬ ಓಯಸಿಸ್ ಊರೊಂದಿದೆ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಜಾಗ. ಸಿಹಿನೀರಿನ ಬುಗ್ಗೆಗಳು, ಉಪ್ಪಿನ ಕೆರೆಗಳು, ಖರ್ಜೂರ ಮತ್ತು ಆಲಿವ್ ತೋಟಗಳು. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಅಮುನ್ ದೇವರ ಕಣಿ ಕೇಳಲು ಬಂದದ್ದು ಇಲ್ಲಿಗೇ.

ಊರಿನ ಪಕ್ಕದಲ್ಲೇ 'ಗೆಬೆಲ್ ಅಲ್ ಮವ್ತಾ' ಇದೆ. ಅರಬ್ಬಿಯಲ್ಲಿ ಹಾಗೆಂದರೆ ಸತ್ತವರ ಗುಡ್ಡ. ಜೇನುಗೂಡಿನಂತೆ ಗುಡ್ಡದ ತುಂಬಾ ಕೊರೆದ ಸಮಾಧಿಗಳು. 26ನೇ ರಾಜವಂಶದ ಕಾಲದಿಂದ ಗ್ರೀಕ್-ರೋಮನ್ ಕಾಲದವರೆಗೆ ಇಲ್ಲಿ ಹೆಣಗಳನ್ನು ಇಟ್ಟಿದ್ದಾರೆ. 1940ರಲ್ಲಿ ಇಟಲಿಯ ವಿಮಾನಗಳು ಬಾಂಬು ಹಾಕಿದಾಗ ಸೀವಾದ ಜನ ಪ್ರಾಣ ಉಳಿಸಿಕೊಳ್ಳಲು ಈ ಗುಹೆಗಳನ್ನೇ ಹೊಕ್ಕರು. ಹಾಗೆ ಅಡಗಲು ಹೋದಾಗ ಬೆಳಕಿಗೆ ಬಂದ ಸಮಾಧಿಗಳಲ್ಲಿ ಒಂದು ಸಿ-ಅಮುನ್ ಎಂಬವನದು. ಅದರ ಗೋಡೆಯಲ್ಲಿ ಗುಂಗುರು ಕೂದಲು, ಗಡ್ಡದ ಸಿ-ಅಮುನ್ ಇದ್ದಾನೆ. ಮುಂದೆ ಗ್ರೀಕ್ ಮೇಲಂಗಿ ತೊಟ್ಟ ಪುಟ್ಟ ಮಗ. ಇನ್ನೊಂದೆಡೆ ಅತ್ತಿಯ ಜಾತಿಯ ಮರದ ಬಳಿ ನಿಂತ ನುತ್ ದೇವತೆ. ಈಜಿಪ್ಟಿನ ದೇವರುಗಳು, ಗ್ರೀಕರ ಉಡುಗೆ, ಎರಡೂ ಒಂದೇ ಗೋಡೆಯಲ್ಲಿ! ಗಡಿಯ ಊರು ಎಂದರೆ ಹೀಗೆಯೇ ಅಲ್ಲವೇ?

ಪ್ರವಾಸಿಗಳು ಇದನ್ನು ನೋಡಿ, ಫೋಟೋ ತೆಗೆದು, ಶಾಲಿ ಎಂಬ ಹಳೇ ಮಣ್ಣಿನ ಕೋಟೆ ಹತ್ತಿ ಇಳಿದು ಹೊರಟುಬಿಡುತ್ತಾರೆ. ಉಪ್ಪುಮಣ್ಣಿನಲ್ಲಿ ಕಟ್ಟಿದ ಆ ಕೋಟೆ 1926ರಲ್ಲಿ ಮೂರು ದಿನ ಸುರಿದ ಮಳೆಗೆ ಕರಗಿಹೋಯಿತು. ಅದರ ದುರಸ್ತಿಗೆ ದುಡ್ಡು ಬಂತು. ಗುಡ್ಡಕ್ಕೂ ಕಾವಲಿದೆ. ಇವೆರಡೂ ಒಳ್ಳೆಯ ಕೆಲಸವೇ.

ಆದರೆ ಸೀವಾದಲ್ಲಿ ಇನ್ನೊಂದು ಪ್ರಾಚೀನ ಸೊತ್ತು ಇದೆ. ಅದು ಅಲ್ಲಿನವರ ಮಾತು, 'ಜ್ಲಾನ್ ನ್ ಇಸೀವನ್'. ಉತ್ತರ ಆಫ್ರಿಕಾದ ಬರ್ಬರ್ ಭಾಷಾ ಕುಟುಂಬದ ಅತ್ಯಂತ ಪೂರ್ವದ ಕೊಂಡಿ ಇದು. ಆಡುವವರ ಸಂಖ್ಯೆ ದೊಡ್ಡದಲ್ಲ. ಯುನೆಸ್ಕೋ ಇದನ್ನು ಅಪಾಯದಲ್ಲಿರುವ ಭಾಷೆಗಳ ಸಾಲಿಗೆ ಸೇರಿಸಿದೆ. ಮಗು ಮನೆಯಲ್ಲಿ ಕಲಿತ ಮಾತು ಇದಾದರೂ ಶಾಲೆಯಲ್ಲಿ ಎಲ್ಲ ಪಾಠವೂ ಅರಬ್ಬಿಯಲ್ಲೇ.

ಅರಬ್ಬಿ ಬೇಡ ಎಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ಆ ಮಕ್ಕಳಿಗೆ ಕಾಲೇಜಿಲ್ಲ, ಕೆಲಸವಿಲ್ಲ. ರಾಜ್ಯದ ಭಾಷೆ ಕಲಿಯದೆ ಗಡಿಯಲ್ಲಿ ಬದುಕಲಾಗದು ಎಂಬುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಪ್ರಶ್ನೆ ಇಷ್ಟೇ: ಎರಡು ಸಾವಿರ ವರ್ಷದ ಹಿಂದೆ ಸತ್ತವನ ಗೋಡೆಯ ಬಣ್ಣ ಉಳಿಸಲು ಇರುವ ಕಾಳಜಿ, ಇಂದು ಅದೇ ಊರಿನ ಮಗು ಆಡುವ ಮಾತಿನ ಮೇಲೆ ಯಾಕಿಲ್ಲ? ಗೋಡೆಗೆ ಕಾವಲುಗಾರನನ್ನು ಇಡಬಹುದು. ಭಾಷೆಗೆ ಮಕ್ಕಳೇ ಕಾವಲು.

ನಮ್ಮ ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ. ಅದು ಎಷ್ಟು ಪಾಲನೆಯಾಗುತ್ತಿದೆ ಎಂದು ನಾವು ಜಗಳವಾಡುತ್ತೇವೆ, ಆಡಲೇಬೇಕು. ಆದರೆ ಜಗಳಕ್ಕೆ ನಮಗೊಂದು ವಿಧಿಯಿದೆ, ಲಿಪಿಯಿದೆ, ಪಠ್ಯಪುಸ್ತಕವಿದೆ. ಸೀವಾದ ಮಗುವಿನ ಚೀಲದಲ್ಲಿ ಅದರ ಮಾತಿನ ಒಂದು ಪುಸ್ತಕವೂ ಇಲ್ಲ.

ಆದ್ದರಿಂದ ಸೀವಾಕ್ಕೆ ಹೋಗುವವರಲ್ಲಿ ಒಂದು ವಿನಂತಿ. ಗುಡ್ಡ ಹತ್ತಿ, ಸಿ-ಅಮುನ್‌ನನ್ನು ಖಂಡಿತ ನೋಡಿ. ಇಳಿದು ಬಂದ ಮೇಲೆ ಖರ್ಜೂರ ಮಾರುವ ಹುಡುಗನನ್ನು "ನಿಮ್ಮ ಮಾತಿನಲ್ಲಿ ಇದಕ್ಕೇನು ಹೇಳುತ್ತೀರಿ?" ಎಂದು ಕೇಳಿ. ದೂರದಿಂದ ಬಂದವರು ತನ್ನ ಮಾತು ಕೇಳಿದರೆ ಆ ಹುಡುಗನಿಗೂ ಅದರ ಬೆಲೆ ತಿಳಿಯುತ್ತದೆ. ಹೋಗಲಾರದ ನಾವು, ಮೇಷ್ಟ್ರುಗಳು, ಈಜಿಪ್ಟ್ ಪಾಠ ಮಾಡುವಾಗ ಪಿರಮಿಡ್ಡಿನ ಜೊತೆಗೆ ಸೀವಾದ ಹೆಸರನ್ನೂ ಬೋರ್ಡಿನ ಮೇಲೆ ಬರೆಯೋಣ.