ಕಿಮೋ ಪಡೆಯುವವರ ಕಿಡ್ನಿಯನ್ನು ಗಿಡಮೂಲಿಕೆ ಕಷಾಯ ಕಾಪಾಡುತ್ತದೆಯೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹೊಲದ ಬದುಗಳಲ್ಲಿ ನೆಗ್ಗಿಲು ಮುಳ್ಳು, ಕೊಮ್ಮೆ ಗಿಡ (ಪುನರ್ನವ) ಸಲೀಸಾಗಿ ಸಿಗುತ್ತವೆ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ "ಇವುಗಳ ಕಷಾಯ ಕುಡಿಸಿ, ಕಿಮೋದಿಂದ ಕಿಡ್ನಿ ಹಾಳಾಗುವುದಿಲ್ಲ" ಎಂಬ ಸಲಹೆ ಮೊಬೈಲ್‌ಗೆ ಬರುವುದುಂಟು. ಇದರಲ್ಲಿ ನಿಜವೆಷ್ಟು?

ಕಿಡ್ನಿಗೆ ತೊಂದರೆ ಆಗುವುದು ನಿಜ

ಎಲ್ಲ ಕಿಮೋ ಔಷಧಗಳೂ ಕಿಡ್ನಿಗೆ ಹಾನಿ ಮಾಡುವುದಿಲ್ಲ. ಈ ವಿಷಯದಲ್ಲಿ ಮುಖ್ಯವಾದದ್ದು ಸಿಸ್ಪ್ಲಾಟಿನ್. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧವನ್ನು ಬಾಯಿ, ಗಂಟಲು, ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ ಇಂದಿಗೂ ಕೊಡುತ್ತಾರೆ. ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಇದು ಕಿಡ್ನಿಯ ಸೂಕ್ಷ್ಮ ನಳಿಕೆಗಳ ಜೀವಕೋಶಗಳಲ್ಲಿ ಶೇಖರವಾಗುತ್ತದೆ. ಅಲ್ಲಿ ಹುಟ್ಟುವ ಆಕ್ಸಿಜನ್ ಮೂಲದ ಹಾನಿಕಾರಕ ಕಣಗಳು ಕೋಶಗಳನ್ನು ಕೊಲ್ಲುತ್ತವೆ. ಈ ಕಣಗಳನ್ನು ತಣಿಸುವ ವಸ್ತುಗಳೇ ಆ್ಯಂಟಿಆಕ್ಸಿಡೆಂಟ್‌ಗಳು.

ಇಲಿಯಲ್ಲಿ ಫಲ ಕೊಟ್ಟದ್ದು

ಅರಿಶಿನದ ಕರ್ಕ್ಯುಮಿನ್ ಸೇರಿ ಅನೇಕ ಸಸ್ಯಸಾರಗಳನ್ನು ಇಲಿಗಳ ಮೇಲೆ ಪರೀಕ್ಷಿಸಲಾಗಿದೆ. ಸಸ್ಯಸಾರ ಪಡೆದ ಇಲಿಗಳಲ್ಲಿ ಸಿಸ್ಪ್ಲಾಟಿನ್ ಕೊಟ್ಟ ಮೇಲೂ ಕ್ರಿಯಾಟಿನಿನ್ ಅಷ್ಟಾಗಿ ಏರಲಿಲ್ಲ. ಸಂದೇಶಗಳು ಹೇಳುವುದು ಇಷ್ಟನ್ನೇ.

ಅವು ಹೇಳದ ಮಾತೊಂದಿದೆ. ಇಂಥ ಬಹುತೇಕ ಪ್ರಯೋಗಗಳಲ್ಲಿ ಇಲಿಗೆ ಕ್ಯಾನ್ಸರ್ ಗಡ್ಡೆಯೇ ಇರುವುದಿಲ್ಲ. ಹಾಗಾಗಿ ಆ ಮೂಲಿಕೆ ಕಿಡ್ನಿಯ ಜೊತೆಗೆ ಗಡ್ಡೆಯನ್ನೂ ಔಷಧದಿಂದ ಕಾಪಾಡಿತೇ ಎಂಬುದು ಅವುಗಳಿಂದ ತಿಳಿಯದು. ಈ ಅನುಮಾನಕ್ಕೆ ಕಾರಣವಿದೆ. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಿಮೋಗೆ ಮುಂಚೆ ಮತ್ತು ಕಿಮೋ ವೇಳೆ ಆ್ಯಂಟಿಆಕ್ಸಿಡೆಂಟ್ ಮಾತ್ರೆ ನುಂಗಿದವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂಬ ಸೂಚನೆ ಸಿಕ್ಕಿತು. ಇದು ಪಕ್ಕಾ ಸಾಬೀತಲ್ಲ, ಎಚ್ಚರಿಕೆಗೆ ಸಾಕು.

ಮೂಲಿಕೆಯಿಂದಲೇ ಕಿಡ್ನಿ ಹೋದದ್ದಿದೆ

1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಮೂಲಿಕೆ ಪುಡಿ ನುಂಗಿದ ಅನೇಕ ಮಹಿಳೆಯರ ಕಿಡ್ನಿ ವಿಫಲವಾಯಿತು. ಕಾರಣ, ಅದರಲ್ಲಿ ಬೆರೆತಿದ್ದ ಅರಿಸ್ಟೋಲೋಕಿಯಾ ಜಾತಿಯ ಸಸ್ಯ. ನಮ್ಮ ಈಶ್ವರಿ ಬಳ್ಳಿ ಇದೇ ಜಾತಿಗೆ ಸೇರಿದ್ದು. ಇದರ ಆಮ್ಲ ಕ್ಯಾನ್ಸರ್‌ಕಾರಕವೂ ಹೌದು. "ಗಿಡದ್ದು, ಸೈಡ್ ಎಫೆಕ್ಟ್ ಇಲ್ಲ" ಎಂಬ ಮಾತು ಹಾಗಾಗಿ ಸರಿಯಲ್ಲ.

ಹಾಗಾದರೆ ಕಿಡ್ನಿಯನ್ನು ಉಳಿಸುವುದು ಏನು?

ಸಿಸ್ಪ್ಲಾಟಿನ್ ಜೊತೆ ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಮತ್ತು ಮೆಗ್ನೀಸಿಯಂ. ಪ್ರತಿ ಸರದಿಗೆ ಮುನ್ನ ಮಾಡುವ ಕ್ರಿಯಾಟಿನಿನ್ ಪರೀಕ್ಷೆ. ಅದು ಏರಿದ್ದರೆ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ ಅಥವಾ ಔಷಧ ಬದಲಿಸುತ್ತಾರೆ.

ಉಳಿದದ್ದು ಮನೆಯವರ ಕೈಯಲ್ಲಿದೆ. ಈ ಭಾಗದವರು ಚಿಕಿತ್ಸೆಗೆ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋದರೆ ವಾಪಸು ಬರುವುದು ದೂರದ ಬಸ್ ಪ್ರಯಾಣ. ದಾರಿಯಲ್ಲಿ ಮೂತ್ರಕ್ಕೆ ಇಳಿಯಬೇಕಾಗುತ್ತದೆಂದು ನೀರು ಕುಡಿಯದೆ ಕೂರುವುದು, ಬಿಸಿಲು, ವಾಂತಿ ಮೂರೂ ಸೇರಿದರೆ ಮೈಯಲ್ಲಿನ ನೀರು ಬತ್ತಿ ಕಿಡ್ನಿಗೆ ಹೊಡೆತ ಬೀಳುತ್ತದೆ.

• ವೈದ್ಯರು ಹೇಳಿದಷ್ಟು ನೀರು ಕುಡಿಯಿರಿ.
• ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಕಾಲು ಬಾತರೆ ಮುಂದಿನ ಸರದಿಗೆ ಕಾಯದೆ ಆಸ್ಪತ್ರೆಗೆ ಹೋಗಿ.
• ಮೆಡಿಕಲ್ ಶಾಪ್‌ನಲ್ಲಿ ಕೇಳಿ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗಬೇಡಿ. ಇವೂ ಕಿಡ್ನಿಗೆ ಭಾರ.
• ಕಿಡ್ನಿ ಈಗಾಗಲೇ ಸೋತಿದ್ದರೆ ಎಳನೀರಿನ ಪೊಟ್ಯಾಸಿಯಂ ಕೂಡ ಅಪಾಯ. ಕೇಳಿಯೇ ಕುಡಿಯಿರಿ.
• ಕಷಾಯ ಕುಡಿಯುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಪುಡಿಯ ಪೊಟ್ಟಣ ಅಥವಾ ಗಿಡದ ಟೊಂಗೆ ಒಯ್ದು ತೋರಿಸಿ.

ಅಡುಗೆಯಲ್ಲಿನ ಅರಿಶಿನ, ಊಟದ ಜೊತೆಗಿನ ನೆಲ್ಲಿಕಾಯಿಗೆ ಹೆದರಬೇಕಿಲ್ಲ. ಕಾಯಿಸಿ ಬತ್ತಿಸಿದ ಕಷಾಯ, ಸಾರದ ಮಾತ್ರೆಗಳ ವಿಷಯ ಬೇರೆ. ಅಂಥ ಸಂದೇಶ ಬಂದರೆ ಒಂದೇ ಪ್ರಶ್ನೆ ಕೇಳಿ: ಇದನ್ನು ಪರೀಕ್ಷಿಸಿದ್ದು ಇಲಿಯ ಮೇಲೋ, ಕಿಮೋ ಪಡೆಯುತ್ತಿರುವ ಮನುಷ್ಯರ ಮೇಲೋ? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.