ಲಾಗಿನ್ ಆದರಷ್ಟೇ ಸಾಕೇ?

ಬೆಳ್ತಂಗಡಿಯಿಂದ ವೇಣೂರು ದಾರಿಯಾಗಿ ಮೂಡುಬಿದಿರೆಗೆ ದಿನಾ ಬಸ್ಸಲ್ಲಿ ಹೋಗಿ ಬರುವವಳು ನಾನು. ನನ್ನ ಪಾಸಿನಲ್ಲಿ ಫೋಟೊ ಇದೆ, ಎಲ್ಲಿಂದ ಎಲ್ಲಿಗೆ ಎಂದೂ ಬರೆದಿದೆ. ಫೋಟೊ ನನ್ನದೇ ಎಂದು ಅದೇ ಪಾಸ್ ಹಿಡಿದು ಬಿ.ಸಿ.ರೋಡಿಗೆ ಹೊರಟರೆ ಕಂಡಕ್ಟರ್ ಒಪ್ಪುತ್ತಾರೆಯೇ? ಇಷ್ಟು ಸರಳ ವಿಷಯವನ್ನು ಕೋಡ್ ಬರೆಯುವಾಗ ಮರೆತಿದ್ದೆ.

ಅಂತಿಮ ವರ್ಷದ ಪ್ರಾಜೆಕ್ಟಿಗೆ ನಾವು ಮೂವರು ಜಾಂಗೋ ಬಳಸಿ ಪ್ಲೇಸ್‌ಮೆಂಟ್ ನೋಂದಣಿಯ ವೆಬ್‌ಸೈಟ್ ಮಾಡಿದೆವು. ಸಹಪಾಠಿಗಳು ನಂಬಿ ತಮ್ಮ ನಿಜವಾದ ಮಾಹಿತಿಯನ್ನೇ ತುಂಬಿದ್ದರು. ಡೆಮೊದ ಹಿಂದಿನ ದಿನ ಬಂಟ್ವಾಳದ ಗೆಳತಿ ಲಾಗಿನ್ ಆಗಿ, ವಿಳಾಸದ ಕೊನೆಯಲ್ಲಿದ್ದ 12ನ್ನು 13 ಮಾಡಿದಳು. "ಇದು ನನ್ನದಲ್ಲ ಮಾರಾಯ್ತಿ!" ಎಂದಳು. ಪರದೆಯ ಮೇಲೆ ಇನ್ನೊಬ್ಬಳ ಅಂಕ, ಫೋನ್ ನಂಬರ್, ಬಾಕಿ ಉಳಿದ ವಿಷಯಗಳು! ನನ್ನ ಎದೆ ಧಸಕ್ಕೆಂದಿತು.

ತಪ್ಪು ಜಾಂಗೋದ್ದಲ್ಲ, ನನ್ನದು. ಪ್ರತಿ ಪುಟಕ್ಕೂ 'ಲಾಗಿನ್ ರಿಕ್ವೈರ್ಡ್' ಹಾಕಿ ನಿಶ್ಚಿಂತಳಾಗಿದ್ದೆ. ಅದು ಬಂದವರು ಲಾಗಿನ್ ಆಗಿದ್ದಾರೆಯೇ ಎಂದಷ್ಟೇ ನೋಡುತ್ತದೆ. 'ಪರ್ಮಿಷನ್ ರಿಕ್ವೈರ್ಡ್' ಇಂಥ ಕೆಲಸಕ್ಕೆ ಅನುಮತಿ ಇದೆಯೇ ಎಂದು ನೋಡುತ್ತದೆ. ಆದರೆ ಈ ದಾಖಲೆ ಇವರದೇ ಹೌದೇ ಎಂಬುದನ್ನು ನಾವೇ ಕೋಡಿನಲ್ಲಿ ಕೇಳಬೇಕು. ಲಾಗಿನ್ ಆದವರ ದಾಖಲೆಗಳಲ್ಲಷ್ಟೇ ಹುಡುಕುವಂತೆ ಒಂದು ಸಾಲು ಬದಲಿಸಿದೆವು. ಈಗ 13 ಎಂದು ಕೊಟ್ಟರೆ 404 ಬರುತ್ತದೆ. 'ಎಡಿಟ್' ಬಟನ್ ಮರೆಮಾಡಿದರೆ ಸಾಕು ಎಂಬುದೂ ಭ್ರಮೆಯೇ. ಬಟನ್ ಇಲ್ಲದಿದ್ದರೂ ವಿಳಾಸ ಟೈಪ್ ಮಾಡಬಹುದಲ್ಲ!

ಇದು ವಿದ್ಯಾರ್ಥಿಗಳ ಎಡವಟ್ಟು ಮಾತ್ರವಲ್ಲ. ವೆಬ್ ಸುರಕ್ಷತೆಯ ಒವಾಸ್ಪ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ 10 ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಅನುಮತಿ ತಪಾಸಣೆಯ ಲೋಪಕ್ಕೇ ಮೊದಲ ಸ್ಥಾನ.

ಹಾಗಾಗಿ ಪ್ರಾಜೆಕ್ಟ್ ನೋಡುವ ಅಧ್ಯಾಪಕರು "ಲಾಗಿನ್ ಆಗುತ್ತದಾ?" ಎಂದು ಕೇಳಿ ಸುಮ್ಮನಾಗಬಾರದು. "ಒಬ್ಬರದ್ದು ಇನ್ನೊಬ್ಬರಿಗೆ ಕಾಣುತ್ತದಾ?" ಎಂದೂ ಕೇಳಬೇಕು, ಅದಕ್ಕೂ ಅಂಕ ಇಡಬೇಕು. ಕೆಲಸ ಹುಡುಕುತ್ತಿರುವ ಗೆಳೆಯರೇ, ನಿಮ್ಮ ಪ್ರಾಜೆಕ್ಟಿನಲ್ಲಿ ಎರಡು ಖಾತೆ ತೆರೆದು ಇವತ್ತೇ ಪರೀಕ್ಷಿಸಿ. ಸಂದರ್ಶನದಲ್ಲಿ ಹೇಳಲು ಒಂದು ಒಳ್ಳೆಯ ಉತ್ತರ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮನ್ನು ನಂಬಿ ಫೋನ್ ನಂಬರ್ ಕೊಟ್ಟವರ ನಂಬಿಕೆ ಉಳಿಯುತ್ತದೆ.