ತೋಟದ ಲೈನುಗಳಲ್ಲಿ ಅರ್ಬುದ ರೋಗ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯು ದೇಶಕ್ಕೆ ವಿದೇಶದ ಹಣವನ್ನು ತಂದುಕೊಡುತ್ತಿದೆ. ಅದಕ್ಕಾಗಿ ದುಡಿಯುವವರಾದರೋ ಪರಿಶಿಷ್ಟ ಜಾತಿಯವರು, ಹಸಲರು, ಮಲೆಕುಡಿಯರೇ ಮೊದಲಾದ ಗಿರಿಜನರು, ತಮಿಳು ಸೀಮೆಯಿಂದಲೂ ಈಚೆಗೆ ಅಸ್ಸಾಮಿನಿಂದಲೂ ಬಂದ ಕೂಲಿಗಾರರು. ಕ್ಯಾನ್ಸರ್ ಎಂದು ಜನರು ಕರೆಯುವ ಅರ್ಬುದ ರೋಗವು ಇವರಿಗೂ ಪಟ್ಟಣಿಗರಿಗೂ ಒಂದೇ. ಅದು ಪತ್ತೆಯಾಗುವ ಕಾಲವು ಮಾತ್ರ ಒಂದೇ ಅಲ್ಲ. ಅನ್ಯಾಯವಿರುವುದು ಇಲ್ಲಿಯೇ.

ಚಿಕಿತ್ಸೆಗೆ ಏರ್ಪಾಡೇ ಇಲ್ಲವೆನ್ನಲಾಗದು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. 2018ರಿಂದ ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ನೆರವನ್ನು ಒದಗಿಸಿದೆ. ಆದರೆ ಕಳಸದಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ರೋಗಿಯ ಕೂಲಿಯೂ ಜೊತೆಗೆ ಬಂದವರ ಕೂಲಿಯೂ ಅಷ್ಟು ದಿನ ನಿಲ್ಲುತ್ತದೆ. ಬಾಯೊಳಗಣ ಬಿಳಿಯ ಕಲೆಯು ನೋಯುವುದಿಲ್ಲ. ನೋಯದ ಕಲೆಗಾಗಿ ಕೊಯ್ಲಿನ ದಿನಗಳ ಸಂಬಳವನ್ನು ಬಿಡುವವರು ಯಾರು? ತುತ್ತು ಇಳಿಯದಾದ ಮೇಲೆ ಬಂದವನಿಗೆ ಉಚಿತ ಚಿಕಿತ್ಸೆಯಿಂದ ಆಗುವ ಪ್ರಯೋಜನವು ಅಲ್ಪವೇ ಸರಿ.

ಹಸಿವನ್ನೂ ಚಳಿಯನ್ನೂ ಮರೆಯಲು ಹಾಕಿಕೊಳ್ಳುವ ಎಲೆಯಡಿಕೆ ಹೊಗೆಸೊಪ್ಪು ಬಾಯಿಯ ಅರ್ಬುದಕ್ಕೆ ಮುಖ್ಯ ಕಾರಣ. ಬರಿಯ ಅಡಿಕೆಯೂ ರೋಗಕಾರಕವೆಂದು ಜಾಗತಿಕ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಶಾಖೆಯು 2004ರಲ್ಲಿ ಪ್ರಕಟಿಸಿದೆ. ಅಡಿಕೆಯನ್ನೇ ನಂಬಿದ ಸೀಮೆಗೆ ಇದು ಅಪ್ರಿಯ ಸತ್ಯ. ಆದರೂ ಕೂಲಿಗಾರನಿಂದ ಮರೆಮಾಚತಕ್ಕ ಸತ್ಯವಲ್ಲ. ಹೆಂಗಸರ ಗರ್ಭಕೊರಳಿನ ಅರ್ಬುದವು ಒಂದು ವೈರಾಣುವಿನಿಂದ ಹುಟ್ಟಿ ಬಲಿಯಲು ಹತ್ತಾರು ವರ್ಷಗಳು ಹಿಡಿಯುತ್ತವೆ. ಇಷ್ಟು ಅವಕಾಶವನ್ನು ಕೊಡುವ ರೋಗದಿಂದ ಸಾಯಗೊಡುವುದು ವಿಧಿಯಲ್ಲ, ಉಪೇಕ್ಷೆ.

ಪರಿಹಾರವು ದುಬಾರಿಯೂ ಅಲ್ಲ. ತಿರುವನಂತಪುರದಲ್ಲಿ ತರಬೇತಿ ಹೊಂದಿದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿಯನ್ನು ಪರೀಕ್ಷಿಸಿದ್ದರಿಂದ ತಂಬಾಕು, ಮದ್ಯಗಳ ಅಭ್ಯಾಸವಿದ್ದವರಲ್ಲಿ ಬಾಯಿಯ ಅರ್ಬುದದ ಮರಣಗಳು ನೂರಕ್ಕೆ 34ರಷ್ಟು ಇಳಿದುವೆಂದು 2005ರಲ್ಲಿ ತಿಳಿದುಬಂದಿತು. ದಿಂಡಿಗಲ್ ಜಿಲ್ಲೆಯಲ್ಲಿ ದಾದಿಯರು ತೆಳು ವಿನೆಗರ್ ಹಚ್ಚಿ ನೋಡುವ ಪರೀಕ್ಷೆಯಿಂದಲೇ ಗರ್ಭಕೊರಳಿನ ಅರ್ಬುದದ ಮರಣಗಳು ನೂರಕ್ಕೆ 35ರಷ್ಟು ತಗ್ಗಿದುವೆಂದು 2007ರಲ್ಲಿ ಪ್ರಕಟವಾಯಿತು. ಮೂವತ್ತು ದಾಟಿದವರೆಲ್ಲರ ಬಾಯಿ, ಸ್ತನ, ಗರ್ಭಕೊರಳುಗಳ ತಪಾಸಣೆಗೆ ಕೇಂದ್ರ ಸರಕಾರವು 2016ರಲ್ಲಿಯೇ ಕ್ರಮವನ್ನು ಗೊತ್ತುಮಾಡಿದೆ. ಕಾಗದದ ಮೇಲಿನ ಆ ಕ್ರಮವು ಲೈನಿನ ಬಾಗಿಲನ್ನು ಮುಟ್ಟಬೇಕಾಗಿದೆ.

ತೋಟದ ಒಡೆಯರು ಕೂಲಿಗಾರರಿಗೆ ವೈದ್ಯ ಸೌಕರ್ಯವನ್ನು ಒದಗಿಸತಕ್ಕದ್ದೆಂದು 1951ರ ಶಾಸನವು ವಿಧಿಸಿತ್ತು. ಅದರ ಸ್ಥಾನಕ್ಕೆ 2025ರ ನವೆಂಬರ್ 21ರಂದು ಬಂದ ಸಂಹಿತೆಯಲ್ಲಿ ಗೊತ್ತುಪಡಿಸಿದ ಕಾರ್ಮಿಕರಿಗೆ ಉಚಿತ ವಾರ್ಷಿಕ ತಪಾಸಣೆಯ ವಿಧಿಯಿದೆ. ಆದರೆ ತೋಟಗಳಿಗೆಂದೇ ಮಾಡಿದ ಕಟ್ಟಳೆಗಳು ಐದು ಹೆಕ್ಟೇರಿಗೆ ಕಡಿಮೆಯಾದ ತೋಟಗಳನ್ನು ಮುಟ್ಟುವುದಿಲ್ಲ. ನಮ್ಮ ಕಾಫಿ ಹಿಡುವಳಿಗಳಲ್ಲಿ ಸಣ್ಣವೇ ಹೆಚ್ಚು.

ಆದುದರಿಂದ ಸರಕಾರವು ಮಾಡತಕ್ಕ ಕಾರ್ಯಗಳು ಮೂರು: ವಾರ್ಷಿಕ ತಪಾಸಣೆಯಲ್ಲಿ ಬಾಯಿ, ಗರ್ಭಕೊರಳುಗಳ ಪರೀಕ್ಷೆಯನ್ನು ಸೇರಿಸಿ, ಅದನ್ನು ಲೈನಿನಲ್ಲಿಯೇ, ಪೂರ್ಣ ಕೂಲಿಯ ದಿನವಾಗಿ ನಡೆಸುವುದು, ಸಣ್ಣ ತೋಟಗಳನ್ನು ಗ್ರಾಮ ಪಂಚಾಯಿತಿಯ ಮೂಲಕ ಒಟ್ಟುಗೂಡಿಸುವುದು, ರೋಗವು ಶಂಕಿತವಾದವರಿಗೂ ಅವರ ಸಂಗಡಿಗರಿಗೂ ಪ್ರಯಾಣದ ವೆಚ್ಚವನ್ನೂ ಕಳೆದ ಕೂಲಿಯನ್ನೂ ಕೊಡುವುದು. ಕೂಲಿಗಾರನನ್ನು ಆಸ್ಪತ್ರೆಯ ಬಾಗಿಲಿನಲ್ಲಿ ಕಾದು ಕುಳಿತರೆ ಆತನು ತಡವಾಗಿಯೇ ಬರುವನು. ಆಸ್ಪತ್ರೆಯೇ ಮೊದಲ ಹೆಜ್ಜೆಯಿಡಲಿ.